ದೊರೆರಾಜು ಅವರಿಗೆ ಸಿಗ್ನಲ್ ವರದಿ

ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವರನ್ನು
ಊರೆಲ್ಲ ಬೈಯುತ್ತದೆ.
ನಾವು ಅಂಥದ್ದೊಂದಕ್ಕೆ ಚಂದಾ ಎತ್ತಿ
ದೂರವಾಣಿನಗರದ ಎಂಟಂತಸ್ತಿನ ತಾರಸಿಯಲ್ಲಿ,
ನೀರಿನ ಟ್ಯಾಂಕಿನ ಪಕ್ಕ, ತಗಡಿನ ಗೂಡು ಕಟ್ಟಿಕೊಟ್ಟೆವು.
ಕಂಬ ಏರಿದ್ದು ನೀವು, ಅರವತ್ತಾರನೇ ವಯಸ್ಸಿನಲ್ಲಿ,
ಸ್ಪ್ಯಾನರನ್ನು ಹಲ್ಲಲ್ಲಿ ಕಚ್ಚಿಕೊಂಡು.
ಕೆಳಗೆ ನಿಂತು ನಾನು ಬೈದದ್ದು ಕೇಳಿಸಲಿಲ್ಲವೋ,
ಆ ಕಿವಿಯಲ್ಲಿ ಬಿಟ್ಟಿರೋ.

ರಿಪೀಟರು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳುತ್ತದೆ,
ಅದೇ ಉಸಿರಲ್ಲಿ ಇನ್ನೊಂದರಲ್ಲಿ ಹೇಳುತ್ತದೆ.
ಹೊಸಕೋಟೆಯ ಕೈರೇಡಿಯೊ ಕೆಂಗೇರಿಗೆ ಮುಟ್ಟಬೇಕಾದರೆ
ಎತ್ತರದಲ್ಲಿ ಕೂತು ಯಾರಾದರೂ ಚಾಡಿ ಹೇಳಲೇಬೇಕು.
ಒಂದೇ ದಾರಿಯಲ್ಲಿ ಎರಡು ಮಾತು:
ಸೆಕೆಂಡನ್ನು ಸಾವಿರ ಚೂರು ಮಾಡಿ
ಮೂವತ್ತು ನಿಮಗೆ, ಮೂವತ್ತು ಇನ್ಯಾರಿಗೋ,
ಮತ್ತೆ ಮೂವತ್ತು ನಿಮಗೆ,
ಟಿನ್ ಫ್ಯಾಕ್ಟರಿ ಬಳಿ ಟ್ರಾಫಿಕ್ ಪೇದೆ ಗಾಡಿ ಬಿಡುವ ಹಾಗೆ.
ಇಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ, ಅಷ್ಟೆ.

ಪಾಠ ಮಾಡಿದ್ದೂ ನೀವೇ,
ಎಸ್.ಪಿ. ರೋಡಿನ ಅಂಗಡಿಯೊಂದರ ಮೆಟ್ಟಿಲ ಮೇಲೆ:
"ನೋಡು ಎಮಿಲ್ಡಾ, ಹೋಗೋದು ದನಿಯಲ್ಲ.
ದನಿಯ ಚಹರೆಪಟ್ಟಿ ಹೋಗುತ್ತೆ.
ಎಷ್ಟು ಎತ್ತರ, ಎಷ್ಟು ಗಟ್ಟಿ, ಬಾಯಿ ಎಷ್ಟು ತೆರೆದಿತ್ತು,
ಘೋಷವೋ ಅಘೋಷವೋ,
ಸೆಕೆಂಡಿಗೆ ಐವತ್ತು ಸಲ ಬರೆದು ಕಳಿಸುತ್ತೆ ಚಿಪ್.
ಆ ತುದಿಯ ಚಿಪ್ ಪಟ್ಟಿ ಓದಿಕೊಂಡು
ಹೊಸ ಗಂಟಲು ಮಾಡಿಕೊಳ್ಳುತ್ತೆ."
ಕ ಚ ಟ ತ ಪ, ಗ ಜ ಡ ದ ಬ.
ಕನ್ನಡ ಮೇಷ್ಟ್ರ ವ್ಯಾಕರಣ
ಕೊನೆಗೂ ಉಪಯೋಗಕ್ಕೆ ಬಂತು ಅಂತ ನಕ್ಕಿದ್ದೆ.

ಆಮೇಲೆ ಕಿದ್ವಾಯಿ ಆಸ್ಪತ್ರೆ.
ನಿಮ್ಮ ದನಿಪೆಟ್ಟಿಗೆ ತೆಗೆದರು.
ಹದಿನಾಲ್ಕು ಭಾನುವಾರ, ಹಾಜರಿ ಕರೆಯುವಾಗ,
ನಿಮ್ಮ ಸರದಿಗೆ ಒಂದು ಉಸಿರು ತಡೆದು ಮುಂದೆ ಹೋದೆ.

ಗಿಳಿ ಅನ್ನುತ್ತೇವೆ ಆ ಚಾನೆಲನ್ನು.
ಆಡಿದ್ದನ್ನು ಬಚ್ಚಿಟ್ಟುಕೊಂಡು
ಒಂದೆರಡು ಸೆಕೆಂಡು ಬಿಟ್ಟು ಆಡಿದವರಿಗೇ ಒಪ್ಪಿಸುತ್ತದೆ.
ಬ್ಯಾಟರಿಯ ಲೆಕ್ಕ ನೋಡಲು ಕೂತ ರಾತ್ರಿ ಕಂಡೆ:
ದಿನಾ ಹನ್ನೊಂದು ಗಂಟೆಗೆ, ಗಿಳಿಯ ಹತ್ತಿರ, ನಿಮ್ಮ ನಂಬರು.
ಕದ್ದು ಕೇಳಿದೆ.
ಪರದೆಯ ಮೇಲೆ ನಿಮ್ಮ ಹೆಸರು ಬಂತು, ಒಂದಕ್ಷರವೂ ಸವೆಯದೆ.
ಸ್ಪೀಕರಿನಲ್ಲಿ ಮರಳು.
ಅನ್ನನಾಳದಿಂದ ತೇಗಿನಂತೆ ಎತ್ತಿ ತಂದ ಗಾಳಿಯನ್ನು
ಚಿಪ್ ತಿರುಗಿಸಿ ಮುರುಗಿಸಿ ನೋಡಿ, ಎತ್ತರ ಸಿಗದೆ,
ಪಟ್ಟಿಯ ಸಾಲುಸಾಲಿಗೂ ಅಘೋಷವೆಂದು ಗುರುತು ಹಾಕಿತ್ತು.
ದ ಹೋಗಿ ತ.
"ತೊರೆ," ಅಂದಿರಿ. ಗಿಳಿ "ತೊರೆ" ಅಂತು.
"ತೊರೆ." "ತೊರೆ."
ದೊರೆಯೊಬ್ಬ ನೀರಾಗಿ ಹರಿಯುವುದನ್ನು
ಅಡುಗೆಮನೆಯ ಕತ್ತಲಲ್ಲಿ ಕೂತು ಕೇಳಿದೆ.

ಹಳೇ ಸೆಟ್ಟಿನಲ್ಲಾದರೆ ಸುಂಯ್ ಅನ್ನುವ ಸದ್ದಿನಡಿ
ಮನುಷ್ಯ ಮುಳುಗುತ್ತಿರುವುದಾದರೂ ತಿಳಿಯುತ್ತಿತ್ತು.
ಇದರಲ್ಲಿ ಇದ್ದರೆ ಇದ್ದಾನೆ,
ಇಲ್ಲದಿದ್ದರೆ ಇಲ್ಲ.

ಹದಿನೈದನೇ ಭಾನುವಾರ. ನಿಮ್ಮ ಸರದಿ. ಉಸಿರು ತಡೆದೆ.
ಹೆಸರು ಬಂತು. ಮರಳು ಬಂತು.
ಮರಳಿನೊಳಗೆ ಕರೆಸಂಕೇತದ ಮೂರು ಅಕ್ಷರ,
ಆಮೇಲೆ, "ವರತಿ ಕೊಟು."
ಯಾರೂ ನಡುವೆ ಗುಂಡಿ ಒತ್ತಲಿಲ್ಲ.
ಹುಸಿ ಐದು-ಒಂಬತ್ತು ಕೊಟ್ಟ ಹುಡುಗನನ್ನು
ಮೂರು ತಿಂಗಳು ಮಾತಾಡಿಸದವರು ನೀವು.
ಹೇಳಿದೆ:
ಸಿಗ್ನಲ್ ಒಂಬತ್ತು. ಓದುವಿಕೆ ಮೂರು.
ಕಳೆದ ವಾರ ಎರಡಿತ್ತು.

ತಾರಸಿಯ ಗೂಡಿನಲ್ಲಿ ರಿಪೀಟರು
ಕೆಲವು ಸೆಕೆಂಡು ಸುಮ್ಮನೆ ಬಾಯಿ ತೆರೆದುಕೊಂಡಿತ್ತು.
ಆಮೇಲೆ ಏನೋ ಬಂತು, ಯಾವ ಪಟ್ಟಿಗೂ ಸೇರದ್ದು.
ಕದ್ದು ಕೇಳಿದ್ದಕ್ಕೆ ಬೈದಿರೋ, ನಕ್ಕಿರೋ.
ಪುಸ್ತಕದಲ್ಲಿ ಸಮಯ ಬರೆದುಕೊಂಡು
ಮುಂದಿನವರನ್ನು ಕರೆದೆ.